ಅಗಲ ಮೊದಲೋ, ಬೆಳಕು ಮೊದಲೋ? 25 ಸಾವಿರದೊಳಗೆ ವೈಡ್ ಲೆನ್ಸ್ ಆರಿಸುವ ಲೆಕ್ಕ

ಬೆಂಗಳೂರಿನಲ್ಲೋ ಹೈದರಾಬಾದ್‌ನಲ್ಲೋ ಕೆಲಸ ಮಾಡ್ತಾ ಹಬ್ಬ-ಹುಣ್ಣಿಮೆಗೆ ಊರಿಗೆ ಹೋಗೋ ನಮ್ಮಂಥವರಲ್ಲಿ ಒಂದು ಕ್ಯಾಮೆರಾ ಇಟ್ಟುಕೊಂಡವರು ಬಹಳ ಜನ. ಬಾಡಿ ಜೊತೆ ಬಂದ 18-55 ಕಿಟ್ ಲೆನ್ಸ್, ಆಮೇಲೆ ಯಾರೋ ಹೇಳಿದ್ರು ಅಂತ ತಗೊಂಡ 50 ಎಂಎಂ. ಇಷ್ಟರಲ್ಲಿ ಒಂದೆರಡು ವರ್ಷ ಕಳೆಯುತ್ತೆ. ಆಮೇಲೆ ಇನ್‌ಸ್ಟಾಗ್ರಾಮ್‌ನಲ್ಲಿ ಯಾರದ್ದೋ ಆಕಾಶಗಂಗೆಯ ಫೋಟೋ ಕಾಣುತ್ತೆ. ಕೆಳಗೆ ಹಳೇ ಕೋಟೆ, ಮೇಲೆ ಹಾಲು ಚೆಲ್ಲಿದಂಥ ಆಕಾಶ. ಅಲ್ಲಿಂದ ಹುಡುಕಾಟ ಶುರು: "ಬೆಸ್ಟ್ ಅಲ್ಟ್ರಾ ವೈಡ್ ಲೆನ್ಸ್, ಕಡಿಮೆ ಬೆಲೆ."

ನನ್ನ ಊರು ಹುಮನಾಬಾದ್. ಬಸವಕಲ್ಯಾಣದಲ್ಲಿ ಸೋದರಮಾವನ ಮನೆ. ಎರಡೂ ಊರಿನ ನಡುವೆ ಅರ್ಧ-ಮುಕ್ಕಾಲು ಗಂಟೆ ದಾರಿ, ಎರಡೂ ಕಡೆ ತೊಗರಿ, ಜೋಳ, ಸೋಯಾ ಹೊಲ. ಈ ಲೆನ್ಸ್ ಹುಡುಕಾಟಕ್ಕೆ ನಾನು ಇಟ್ಟಿದ್ದು 25 ಸಾವಿರ ರೂಪಾಯಿ. ಅದೇ ತಿಂಗಳು ತಂಗಿಯ ಕಾಲೇಜು ಫೀಸ್ ಇತ್ತು, ಮನೆ ಮೇಲಿನ ಸಾಲದ ಕಂತು ಇತ್ತು. ಹಾಗಾಗಿ ಈ ದುಡ್ಡು ಒಂದೇ ಸಲ ಖರ್ಚಾಗೋದು, ಎರಡನೇ ಚಾನ್ಸ್ ಇಲ್ಲ ಅಂತ ಮೊದಲೇ ಗೊತ್ತಿತ್ತು. ಕೂತು ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ಅದರಿಂದ ಹೊರಬಿದ್ದ ಲೆಕ್ಕ ನಿಮಗೂ ಉಪಯೋಗ ಆಗಬಹುದು ಅಂತ ಇಲ್ಲಿ ಬರೀತಿದ್ದೀನಿ.

ಮೊದಲೇ ಹೇಳಿಬಿಡ್ತೀನಿ: "ಹಗಲಿನ ನೋಟಕ್ಕೆ ವೈಡ್ ಲೆನ್ಸ್" ಮತ್ತು "ರಾತ್ರಿ ಆಕಾಶಕ್ಕೆ ವೈಡ್ ಲೆನ್ಸ್" ಅನ್ನೋದು ಎರಡು ಬೇರೆ ಬೇರೆ ಖರೀದಿ. ಎರಡಕ್ಕೂ ಒಂದೇ ಹೆಸರು ಇರೋದರಿಂದ ಜನ ಗೊಂದಲಕ್ಕೆ ಬೀಳ್ತಾರೆ.

ಎಷ್ಟು ಅಗಲ ಅಂದ್ರೆ ಅಗಲ?

ಲೆನ್ಸ್ ಮೇಲಿನ ಎಂಎಂ ಅಂಕಿ ಚಿಕ್ಕದಾದಷ್ಟು ನೋಟ ಅಗಲ. ನಮ್ಮ ಬಹುತೇಕರ ಹತ್ತಿರ ಇರೋದು ಎಪಿಎಸ್-ಸಿ ಸೆನ್ಸರ್‌ನ ಕ್ಯಾಮೆರಾ, ಅಂದ್ರೆ ಪೂರ್ತಿ ಫ್ರೇಮ್‌ಗಿಂತ ಚಿಕ್ಕದು. ಇದರಲ್ಲಿ ಲೆನ್ಸ್‌ನ ಎಂಎಂ ಅಂಕಿಯನ್ನು ನಿಕಾನ್, ಸೋನಿ, ಫುಜಿಯಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಬೇಕು. ಕಿಟ್ ಲೆನ್ಸ್‌ನ 18 ಎಂಎಂ ನಿಕಾನ್‌ನಲ್ಲಿ 27ರಂತೆ ನೋಡುತ್ತೆ. ಅದರ ಉದ್ದ ಬದಿಯ ಕೋನ ಸುಮಾರು 66 ಡಿಗ್ರಿ. 11 ಎಂಎಂ ಹಾಕಿದ್ರೆ 94 ಡಿಗ್ರಿ, 10 ಎಂಎಂಗೆ 99 ಡಿಗ್ರಿ.

ಈ ವ್ಯತ್ಯಾಸ ಎಲ್ಲಿ ಕೆಲಸಕ್ಕೆ ಬರುತ್ತೆ? ಬಸವಕಲ್ಯಾಣದ 108 ಅಡಿ ಎತ್ತರದ ಬಸವಣ್ಣನವರ ಮೂರ್ತಿ ತಗೊಳ್ಳಿ. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದ್ರೆ ಮೂರ್ತಿ ಹಿಂದಕ್ಕೆ ಬಿದ್ದಹಾಗೆ ಕಾಣುತ್ತೆ. ವಾಲಿಸದೆ, ನೆಟ್ಟಗೆ ನಿಲ್ಲಿಸಿ ಪೂರ್ತಿ ಎತ್ತರ ಹಿಡಿಯಬೇಕು ಅಂದ್ರೆ 18 ಎಂಎಂಗೆ ಸುಮಾರು 50 ಮೀಟರ್ ಹಿಂದೆ ಹೋಗಬೇಕು. 10 ಎಂಎಂಗೆ 28 ಮೀಟರ್ ಸಾಕು. ಮುಂದೆ ಜನ, ಗಾಡಿ, ಕಂಬ ಇರೋ ಜಾಗದಲ್ಲಿ ಈ 22 ಮೀಟರ್ ದೊಡ್ಡದು. ಬಸವಕಲ್ಯಾಣ ಕೋಟೆಯ ಒಳಗಿನ ಇಕ್ಕಟ್ಟಾದ ದಾರಿ, ಬಾಗಿಲುಗಳ ಹತ್ತಿರವೂ ಇದೇ ಮಾತು. ಹಿಂದೆ ಸರಿಯೋಕೆ ಜಾಗ ಇಲ್ಲದ ಕಡೆ ವೈಡ್ ಲೆನ್ಸ್ ನಿಜವಾಗಿ ಬೇಕು.

ಬಯಲು ಸೀಮೆಯಲ್ಲಿ ಅಗಲದ ಕಷ್ಟ

ಆದ್ರೆ ನಮ್ಮ ಬೀದರ್ ಜಿಲ್ಲೆಯ ನೆಲ ಹೇಗಿದೆ ಅಂತ ನಿಮಗೆ ಗೊತ್ತು. ಮಲೆನಾಡಿನ ಹಾಗೆ ಎದುರಿಗೆ ಬೆಟ್ಟ ಎದ್ದು ನಿಲ್ಲಲ್ಲ. ಕಣ್ಣು ಹಾಯೋ ತನಕ ಬಯಲು, ಮಧ್ಯೆ ಒಂದು ಬೇವಿನ ಮರ, ದೂರದಲ್ಲಿ ಒಂದು ಗುಡಿ. ಇಂಥ ಕಡೆ ಅಲ್ಟ್ರಾ ವೈಡ್ ಹಾಕಿದ್ರೆ ದೂರದ್ದೆಲ್ಲ ಇನ್ನೂ ಪುಟ್ಟದಾಗುತ್ತೆ.

ಲೆಕ್ಕ ನೋಡಿ. ನನ್ನ ಹತ್ತಿರ ಇರೋದು ನಿಕಾನ್ ಡಿ5300, ಚಿತ್ರದ ಅಗಲ 6000 ಪಿಕ್ಸೆಲ್. ಒಂದು ಕಿಲೋಮೀಟರ್ ದೂರದ, 15 ಮೀಟರ್ ಎತ್ತರದ ಮರ 18 ಎಂಎಂನಲ್ಲಿ ಸುಮಾರು 70 ಪಿಕ್ಸೆಲ್ ಎತ್ತರ ಬರುತ್ತೆ. 10 ಎಂಎಂನಲ್ಲಿ 40ಕ್ಕೂ ಕಡಿಮೆ. ಫೋನ್ ಪರದೆಯಲ್ಲಿ ಅದು ಒಂದು ಚುಕ್ಕೆ. ಅರ್ಧ ಚಿತ್ರ ಖಾಲಿ ಆಕಾಶ, ಅರ್ಧ ಖಾಲಿ ಮಣ್ಣು. ಬಹಳ ಜನ ಹೊಸ ವೈಡ್ ಲೆನ್ಸ್ ತಂದು ಎರಡು ತಿಂಗಳಲ್ಲಿ ಮಾರೋದು ಇದಕ್ಕೇ.

ಬಯಲಲ್ಲಿ ವೈಡ್ ಲೆನ್ಸ್ ದುಡಿಸೋದಕ್ಕೆ ಒಂದೇ ದಾರಿ: ಹತ್ತಿರದ ವಸ್ತು ಒಂದು ಬೇಕು. ಬಿರುಕು ಬಿಟ್ಟ ಕಪ್ಪು ಮಣ್ಣು, ಬದುವಿನ ಕಲ್ಲು, ಬಾವಿಯ ಕಟ್ಟೆ, ತೊಗರಿ ಕಡ್ಡಿಯ ಬಣವೆ, ಏನಾದ್ರೂ ಸರಿ. ಕ್ಯಾಮೆರಾವನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಅದರಿಂದ ಅರ್ಧ-ಒಂದು ಮೀಟರ್‌ನಲ್ಲಿ ಇಡಿ. 11 ಎಂಎಂ ಲೆನ್ಸ್‌ನಲ್ಲಿ ಎಫ್ 8 ಇಟ್ಟು ಮುಕ್ಕಾಲು ಮೀಟರ್ ದೂರಕ್ಕೆ ಫೋಕಸ್ ಮಾಡಿದ್ರೆ, ಒಂದೂಕಾಲು ಅಡಿಯಿಂದ ದಿಗಂತದ ತನಕ ಎಲ್ಲ ಚೂಪಾಗಿ ಬರುತ್ತೆ. ಈ ಗುಣ ಕಿಟ್ ಲೆನ್ಸ್‌ನಲ್ಲಿ ಅಷ್ಟು ಸಲೀಸಾಗಿ ಸಿಗಲ್ಲ.

ಇನ್ನೊಂದು ಉದಾಹರಣೆ ಹುಮನಾಬಾದ್ ತಾಲೂಕಿನ ಜಲಸಂಗ್ವಿ. ಅಲ್ಲಿನ ಕಲ್ಮೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, ಹೊರಗೋಡೆಯ ಶಿಲಾಬಾಲಿಕೆಯರಿಗೆ ಹೆಸರಾದದ್ದು. ಆರನೇ ವಿಕ್ರಮಾದಿತ್ಯನನ್ನು ಹೊಗಳೋ ಶಾಸನ ಬರೀತಾ ನಿಂತ ಬಾಲಿಕೆಯ ಶಿಲ್ಪ ಇರೋದು ಇಲ್ಲೇ. ಗುಡಿಯ ಒಟ್ಟು ನೋಟಕ್ಕೆ ವೈಡ್ ಲೆನ್ಸ್ ಸರಿ. ಆದ್ರೆ ಶಿಲ್ಪಕ್ಕೆ ಅದೇ ಲೆನ್ಸ್ ಹಿಡಿದು ಹತ್ತಿರ ಹೋದ್ರೆ, ಫ್ರೇಮ್‌ನ ಅಂಚಿಗೆ ಬಂದ ಕೈ-ಕಾಲು ಎಳೆದ ಹಾಗೆ ಉದ್ದ ಆಗುತ್ತೆ. ಆ ಶಿಲ್ಪಿಯ ಅಳತೆ ಹಾಳು ಮಾಡಬಾರದು ಅಂದ್ರೆ 50 ಎಂಎಂ ಹಾಕಿ, ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಹಾಗೇ, ಇಂಥ ಹಳೇ ಗುಡಿಗಳಲ್ಲಿ ಟ್ರೈಪಾಡ್ ನಿಲ್ಲಿಸೋ ಮೊದಲು ಅಲ್ಲಿನ ಸಿಬ್ಬಂದಿಯನ್ನ ಕೇಳಿ.

ರಾತ್ರಿ ಲೆಕ್ಕವೇ ಬೇರೆ

ಈಗ ಆಕಾಶಕ್ಕೆ ಬರೋಣ. ಇಲ್ಲಿ ಎರಡು ಅಂಕಿ ಮುಖ್ಯ.

ಮೊದಲನೇದು ಎಫ್ ಅಂಕಿ. ಅದು ಚಿಕ್ಕದಾದಷ್ಟು ಲೆನ್ಸ್‌ನ ಬಾಯಿ ದೊಡ್ಡದು, ಬೆಳಕು ಜಾಸ್ತಿ. ಎಫ್ 2.8ಕ್ಕೆ ಹೋಲಿಸಿದ್ರೆ ಎಫ್ 2 ಎರಡು ಪಟ್ಟು ಬೆಳಕು ಕೊಡುತ್ತೆ.

ಎರಡನೇದು ಸಮಯ. ಭೂಮಿ ತಿರುಗ್ತಾ ಇರೋದರಿಂದ ಶಟರ್ ಬಹಳ ಹೊತ್ತು ತೆರೆದಿಟ್ರೆ ನಕ್ಷತ್ರ ಚುಕ್ಕೆಯಾಗಿ ಉಳಿಯದೆ ಗೆರೆ ಆಗುತ್ತೆ. ಇದಕ್ಕೆ 500ರ ನಿಯಮ ಅಂತ ಒಂದು ಮೋಟಾ ಲೆಕ್ಕ ಇದೆ. 500ನ್ನು ಎಂಎಂನಿಂದ, ಆಮೇಲೆ 1.5 ಅಥವಾ 1.6ರಿಂದ ಭಾಗಿಸಿ. 18 ಎಂಎಂಗೆ ನಿಕಾನ್‌ನಲ್ಲಿ 18 ಸೆಕೆಂಡ್, 11 ಎಂಎಂಗೆ 30 ಸೆಕೆಂಡ್. ಇವತ್ತಿನ 24 ಮೆಗಾಪಿಕ್ಸೆಲ್ ಸೆನ್ಸರ್‌ಗೆ ಇದು ಸ್ವಲ್ಪ ಸಡಿಲವಾದ ನಿಯಮ. ದೊಡ್ಡದು ಮಾಡಿ ನೋಡಿದ್ರೆ ನಕ್ಷತ್ರ ಚೂರು ಉದ್ದ ಕಾಣುತ್ತೆ. ಆದ್ರೂ ಲೆನ್ಸ್‌ಗಳನ್ನು ಒಂದಕ್ಕೊಂದು ಹೋಲಿಸೋಕೆ ಸಾಕು.

ಎರಡನ್ನೂ ಸೇರಿಸಿ, ಕಿಟ್ ಲೆನ್ಸ್‌ಗೆ 1 ಅಂಕ ಕೊಟ್ಟು, ಆಕಾಶಗಂಗೆಯ ಬೆಳಕನ್ನು ಯಾವುದು ಎಷ್ಟು ಹಿಡಿಯುತ್ತೆ ಅಂತ ಲೆಕ್ಕ ಹಾಕಿದೆ:

- 18-55 ಕಿಟ್, 18 ಎಂಎಂ, ಎಫ್ 3.5, 18 ಸೆಕೆಂಡ್: 1
- 10-18 ಅಥವಾ 10-20 ಅಗ್ಗದ ಜೂಮ್, ಎಫ್ 4.5, 30 ಸೆಕೆಂಡ್: ಹೆಚ್ಚುಕಮ್ಮಿ 1
- 50 ಎಂಎಂ, ಎಫ್ 1.8, 6-7 ಸೆಕೆಂಡ್: 1.4
- 35 ಎಂಎಂ, ಎಫ್ 1.8, 9-10 ಸೆಕೆಂಡ್: 1.9
- 14 ಎಂಎಂ, ಎಫ್ 2.8, 24 ಸೆಕೆಂಡ್: 2
- 11 ಎಂಎಂ, ಎಫ್ 2.8, 30 ಸೆಕೆಂಡ್: 2.5
- 16 ಎಂಎಂ, ಎಫ್ 2, 21 ಸೆಕೆಂಡ್: 3.4
- 12 ಎಂಎಂ, ಎಫ್ 2, 28 ಸೆಕೆಂಡ್: 4.6

ಎರಡನೇ ಸಾಲನ್ನ ಇನ್ನೊಂದ್ಸಲ ಓದಿ. ಹೊಸದಾಗಿ ತಗೋಬಹುದಾದ ಅತಿ ಅಗ್ಗದ ಅಲ್ಟ್ರಾ ವೈಡ್ ಜೂಮ್, ರಾತ್ರಿ ಆಕಾಶದ ಬೆಳಕಿನ ವಿಷಯದಲ್ಲಿ ನಿಮ್ಮ ಹತ್ತಿರ ಈಗಾಗಲೇ ಇರೋ ಕಿಟ್ ಲೆನ್ಸ್‌ಗಿಂತ ಹೆಚ್ಚೇನೂ ಕೊಡಲ್ಲ. ಅಗಲ ಕೊಡುತ್ತೆ, ಬೆಳಕು ಕೊಡಲ್ಲ. ಅದು ಕೆಟ್ಟ ಲೆನ್ಸ್ ಅಂತ ಅರ್ಥ ಅಲ್ಲ. ಹಗಲಿಗೆ ಮಾಡಿದ್ದು, ಅಷ್ಟೇ.

ಇನ್ನೊಂದು ವಿಷಯ ನನಗೂ ಆಶ್ಚರ್ಯ ತಂದದ್ದು. ಆಕಾಶಗಂಗೆಯ ಅತಿ ಹೊಳೆಯುವ ಭಾಗ, ಅಂದ್ರೆ ಅದರ ಕೇಂದ್ರದ ದಿಕ್ಕು, ನಮ್ಮ ಕಡೆ ದಕ್ಷಿಣದಲ್ಲಿ ಬರುತ್ತೆ. ಬಸವಕಲ್ಯಾಣ ಇರೋದು ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆ ಲೆಕ್ಕದಲ್ಲಿ ಕೇಂದ್ರ ಅತಿ ಹೆಚ್ಚು ಅಂದ್ರೆ ದಿಗಂತದಿಂದ 43 ಡಿಗ್ರಿ ಮೇಲೇರುತ್ತೆ. ಕಿಟ್ ಲೆನ್ಸನ್ನು ಉದ್ದುದ್ದ ಹಿಡಿದ್ರೆ 66 ಡಿಗ್ರಿ ಸಿಗುತ್ತಲ್ಲ, ಅದರಲ್ಲಿ ಕೆಳಗೆ ಹೊಲ, ಮೇಲೆ ಕೇಂದ್ರ ಎರಡೂ ಆರಾಮಾಗಿ ಹಿಡಿಸುತ್ತೆ. ಅಂದ್ರೆ ನಮ್ಮೂರಲ್ಲಿ ನಿಂತವರಿಗೆ ಕೊರತೆ ಇರೋದು ಬೆಳಕಿನದು, ಅಗಲದ್ದಲ್ಲ.

ಹಾಗಾದ್ರೆ ಯಾವುದು ತಗೋಬೇಕು?

ನಿಮ್ಮ ಕ್ಯಾಮೆರಾ ಯಾವುದು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

ಹಗಲಿನ ಫೋಟೋ ಮಾತ್ರ ಸಾಕು ಅನ್ನೋರಿಗೆ: ಕ್ಯಾನನ್ ಡಿಎಸ್ಎಲ್ಆರ್ ಇದ್ರೆ ಇಎಫ್-ಎಸ್ 10-18. ನಿಕಾನ್ ಇದ್ರೆ ಎಎಫ್-ಪಿ ಡಿಎಕ್ಸ್ 10-20. ಎರಡೂ ಹಗುರ, ಎರಡರಲ್ಲೂ ಕೈ ನಡುಕ ತಡೆಯೋ ವ್ಯವಸ್ಥೆ ಇದೆ. ಗುಡಿ ಒಳಗೆ, ಮನೆ ಒಳಗೆ ಕೈಯಲ್ಲೇ ಹಿಡಿದು ತೆಗೀಬಹುದು. ಒಂದು ಎಚ್ಚರ: ಎಎಫ್-ಪಿ ಲೆನ್ಸ್ ನಿಕಾನ್‌ನ ಕೆಲವು ಹಳೇ ಬಾಡಿಗಳಲ್ಲಿ, ಉದಾಹರಣೆಗೆ ಡಿ3100, ಡಿ5100, ಡಿ7000ದಲ್ಲಿ, ಫೋಕಸ್ಸೇ ಮಾಡಲ್ಲ. ಡಿ5300ಗೆ ಫರ್ಮ್‌ವೇರ್ ಅಪ್‌ಡೇಟ್ ಬೇಕು. ಕೊಳ್ಳೋ ಮುಂಚೆ ನಿಮ್ಮ ಮಾಡೆಲ್ ಪಟ್ಟಿಯಲ್ಲಿದೆಯಾ ನೋಡಿ.

ಡಿಎಸ್ಎಲ್ಆರ್‌ನಲ್ಲಿ ಹಗಲು-ರಾತ್ರಿ ಎರಡೂ ಬೇಕು ಅನ್ನೋರಿಗೆ: ಟೋಕಿನಾ 11-16 ಎಫ್ 2.8. ಹಳೇದು, ಗಟ್ಟಿ, ಅರ್ಧ ಕಿಲೋಗಿಂತ ಭಾರ. ಜೂಮ್ ಅನ್ನೋದು ಹೆಸರಿಗಷ್ಟೇ. ಸೂರ್ಯನಿಗೆ ಎದುರು ಹಿಡಿದ್ರೆ ಬೆಳಕಿನ ಮಚ್ಚೆ ಬೀಳುತ್ತೆ, ಅಂಚಿನಲ್ಲಿ ನೇರಳೆ ಗೆರೆ ಬರುತ್ತೆ. ಆದ್ರೆ ಈ ದುಡ್ಡಿಗೆ 11 ಎಂಎಂ, ಎಫ್ 2.8 ಎರಡೂ ಒಟ್ಟಿಗೆ ಕೊಡೋ ಲೆನ್ಸ್ ಡಿಎಸ್ಎಲ್ಆರ್ ಲೋಕದಲ್ಲಿ ಬಹಳ ಇಲ್ಲ. ನಿಕಾನ್‌ನವರು ಗಮನಿಸಿ: ಇದರ ಮೊದಲ ಆವೃತ್ತಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಡಿ3000, ಡಿ5000 ಸಾಲಿನ ಬಾಡಿಗಳಿಗೆ ಎರಡನೇ ಆವೃತ್ತಿ ಬೇಕು. ಆಕಾಶಕ್ಕಾದ್ರೆ ಹೇಗೂ ಕೈಯಲ್ಲೇ ಫೋಕಸ್ ಮಾಡೋದರಿಂದ ಮೊದಲನೇದೂ ನಡೆಯುತ್ತೆ.

ಬರೀ ಆಕಾಶ ಅನ್ನೋರಿಗೆ: ಸಾಮ್ಯಾಂಗ್ ಕಂಪನಿಯ ಮ್ಯಾನುಯಲ್ ಲೆನ್ಸ್‌ಗಳು. ಕೆಲವು ಕಡೆ ರೋಕಿನಾನ್ ಹೆಸರಲ್ಲೂ ಬರುತ್ತೆ. ಡಿಎಸ್ಎಲ್ಆರ್‌ಗೆ 16 ಎಂಎಂ ಎಫ್ 2, ಮಿರರ್‌ಲೆಸ್‌ಗೆ 12 ಎಂಎಂ ಎಫ್ 2. ಇವರದ್ದೇ 14 ಎಂಎಂ ಎಫ್ 2.8 ಬಹಳ ಹೆಸರುವಾಸಿ. ಆದ್ರೆ ಅದರ ನಿಜವಾದ ಅಗಲ ಸಿಗೋದು ಪೂರ್ತಿ ಫ್ರೇಮ್ ಕ್ಯಾಮೆರಾದಲ್ಲಿ. ಮುಂದಿನ ಗಾಜು ಉಬ್ಬಿರೋದರಿಂದ ಮಾಮೂಲಿ ಫಿಲ್ಟರ್ ಹಾಕೋಕಾಗಲ್ಲ, ನೇರ ಗೆರೆಗಳು ಮೀಸೆ ಥರ ಬಾಗುತ್ತವೆ. ಆಕಾಶದಲ್ಲಿ ನೇರ ಗೆರೆ ಇಲ್ಲವಲ್ಲ, ಅಲ್ಲಿ ತೊಂದರೆ ಇಲ್ಲ. ಕೋಟೆ ಗೋಡೆಗೆ ತೊಂದರೆ.

ಸೋನಿ, ಫುಜಿಯಂಥ ಮಿರರ್‌ಲೆಸ್ ಇರೋರಿಗೆ: ನೀವು ಅದೃಷ್ಟವಂತರು. ಸಾಮ್ಯಾಂಗ್ 12 ಎಫ್ 2 ಜೊತೆಗೆ ಸೆವೆನ್ ಆರ್ಟಿಸನ್ಸ್ 12 ಎಫ್ 2.8ನಂಥ ಅಗ್ಗದ ಮ್ಯಾನುಯಲ್ ಲೆನ್ಸ್‌ಗಳೂ ಇವೆ. ಬಜೆಟ್ ಸ್ವಲ್ಪ ಎಳೆಯೋಕಾದ್ರೆ ಸಿಗ್ಮಾ 16 ಎಂಎಂ ಎಫ್ 1.4. ಮೇಲಿನ ಲೆಕ್ಕದಲ್ಲಿ ಅದಕ್ಕೆ 7 ಅಂಕ ಬರುತ್ತೆ.

ನಾನು ತಗೊಂಡಿದ್ದು ಟೋಕಿನಾ 11-16ರ ಎರಡನೇ ಆವೃತ್ತಿ, ಸೆಕೆಂಡ್ ಹ್ಯಾಂಡ್, 18 ಸಾವಿರಕ್ಕೆ. ಕಲಬುರಗಿಯಲ್ಲಿ ಮದುವೆ ಫೋಟೋ ತೆಗೆಯೋ ಒಬ್ಬರು ಮಿರರ್‌ಲೆಸ್‌ಗೆ ಬದಲಾದ್ರು, ಅವರ ಹಳೇ ಲೆನ್ಸ್ ನನಗೆ ಬಂತು. ಈಗ ಎಲ್ಲ ಊರಲ್ಲೂ ಇದೇ ನಡೀತಿದೆ. ಸ್ಟುಡಿಯೋದವರು ಒಬ್ಬೊಬ್ಬರಾಗಿ ಡಿಎಸ್ಎಲ್ಆರ್ ಬಿಡ್ತಿದ್ದಾರೆ. ಹಾಗಾಗಿ ಒಳ್ಳೇ ಹಳೇ ಲೆನ್ಸ್ ಬೇಕು ಅಂದ್ರೆ ಆನ್‌ಲೈನ್‌ಗಿಂತ ಮೊದಲು ನಿಮ್ಮೂರ ಫೋಟೋ ಸ್ಟುಡಿಯೋದಲ್ಲಿ ವಿಚಾರಿಸಿ.

ಹಳೇ ಲೆನ್ಸ್ ನೋಡೋದು ಹೇಗೆ?

ಹತ್ತು ನಿಮಿಷದ ಕೆಲಸ. ನಾಚಿಕೆ ಬೇಡ, ಮಾರೋರ ಮುಂದೆಯೇ ಮಾಡಿ.

- ಫೋನಿನ ಟಾರ್ಚ್ ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡ್ರೆ ಅದು ಫಂಗಸ್. ಬೆಲೆ ಎಷ್ಟೇ ಇಳಿಸಿದ್ರೂ ಬೇಡ. ನಾಲ್ಕು ಧೂಳಿನ ಕಣ ಇದ್ರೆ ಚಿಂತೆ ಇಲ್ಲ.
- ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ ಇಟ್ಟಿಗೆ ಗೋಡೆಯೋ ಅಂಗಡಿ ಬೋರ್ಡೋ ನೇರವಾಗಿ ತೆಗೀರಿ. ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿ. ನಾಲ್ಕೂ ಒಂದೇ ಥರ ಸ್ವಲ್ಪ ಮಬ್ಬು ಇದ್ರೆ ಸಹಜ. ಒಂದೇ ಕಡೆ ಮಾತ್ರ ಮಬ್ಬಾಗಿದ್ರೆ ಒಳಗಿನ ಗಾಜು ಜಾಗ ಬಿಟ್ಟಿದೆ ಅಂತ.
- ಅಪರ್ಚರ್ ಎಫ್ 11ಕ್ಕೆ ಇಟ್ಟು, ಮುಂದಿನಿಂದ ನೋಡ್ತಾ ಕ್ಲಿಕ್ ಮಾಡಿ. ಎಲೆಗಳು ತಟ್ಟನೆ ಮುಚ್ಚಿ ತೆರೀಬೇಕು, ಎಣ್ಣೆ ಜಿಡ್ಡು ಇರಬಾರದು.
- ಫೋಕಸ್ ರಿಂಗ್ ಪೂರ್ತಿ ತಿರುಗಿಸಿ. ಮರಳು ಸಿಕ್ಕಿದಂಥ ಕರಕರ ಬೇಡ.
- ಆಗೋದಾದ್ರೆ ಒಂದು ರಾತ್ರಿ ನಕ್ಷತ್ರಗಳ ಫೋಟೋ ತೆಗೆದು ನೋಡಿ. ಅಂಚಿನ ನಕ್ಷತ್ರಗಳು ಹಾರೋ ಹಕ್ಕಿಯ ರೆಕ್ಕೆ ಥರ ಕಂಡ್ರೆ ಅದು ಕೋಮಾ ಅನ್ನೋ ದೋಷ. ವೈಡ್ ಲೆನ್ಸ್‌ಗಳಲ್ಲಿ ಸ್ವಲ್ಪ ಇರುತ್ತೆ. ಅತಿಯಾಗಿದ್ರೆ ಬಿಡಿ.

ಒಂದು ಖರ್ಚು ಉಳಿಸಿ: ಅಲ್ಟ್ರಾ ವೈಡ್‌ಗೆ ಪೋಲರೈಸರ್ ಫಿಲ್ಟರ್ ಬೇಡ. ಇಷ್ಟು ಅಗಲದ ನೋಟದಲ್ಲಿ ಆಕಾಶದ ಒಂದು ಭಾಗ ಕಡುನೀಲಿ, ಇನ್ನೊಂದು ಭಾಗ ತಿಳಿನೀಲಿ ಆಗಿ ಕಲೆ ಬಿದ್ದಂತೆ ಕಾಣುತ್ತೆ. ಆ ದುಡ್ಡು ಟ್ರೈಪಾಡ್‌ಗೆ ಹಾಕಿ. 25 ಸಾವಿರದಲ್ಲಿ ನನಗೆ ಉಳಿದ 7 ಸಾವಿರ ಹೋಗಿದ್ದು ಅಲ್ಲಿಗೇ, ಜೊತೆಗೆ ಒಂದು ತಂತಿಯ ರಿಮೋಟ್‌ಗೆ. ಗಾಳಿಗೆ ನಡುಗೋ ಟ್ರೈಪಾಡ್ ಮೇಲೆ ಲಕ್ಷದ ಲೆನ್ಸ್ ಇಟ್ರೂ ನಕ್ಷತ್ರ ಚುಕ್ಕೆಯಾಗಿ ಬರಲ್ಲ.

ಪಂಚಾಂಗ ನೋಡಿ ಊರಿಗೆ ಹೋಗಿ

ಲೆನ್ಸ್‌ಗಿಂತ ಹೆಚ್ಚು ಫಲ ಕೊಡೋದು ದಿನದ ಆಯ್ಕೆ. ಇದಕ್ಕೆ ದುಡ್ಡೂ ಬೇಡ. ಅಡುಗೆಮನೆ ಗೋಡೆ ಮೇಲಿನ ಕ್ಯಾಲೆಂಡರ್ ಸಾಕು.

ಆಕಾಶಗಂಗೆಯ ಕೇಂದ್ರ ಇರೋದು ಧನು ರಾಶಿಯ ದಿಕ್ಕಿನಲ್ಲಿ, ವೃಶ್ಚಿಕದ ಬಾಲದ ಪಕ್ಕ. ಮದುವೆ ಜಾತಕದಲ್ಲಿ ಸುಮ್ಮನೆ ಹೆದರಿಸ್ತಾರಲ್ಲ, ಆ ಮೂಲಾ ನಕ್ಷತ್ರದ ನೆರೆಯಲ್ಲೇ. ಧನುರ್ಮಾಸದಲ್ಲಿ, ಅಂದ್ರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ತನಕ, ಸೂರ್ಯ ಆ ದಿಕ್ಕಿನಲ್ಲೇ ಇರ್ತಾನೆ. ಆಗ ಎಷ್ಟು ಒಳ್ಳೇ ಚಳಿಗಾಲದ ಆಕಾಶ ಇದ್ರೂ ಕೇಂದ್ರ ಕಾಣಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮೋಡ. ಹಾಗಾಗಿ ನಮಗೆ ಒಳ್ಳೇ ಕಾಲ ಫೆಬ್ರವರಿ ಕೊನೆಯಿಂದ ಮೇ ತನಕ.

ಇನ್ನು ಚಂದ್ರ ಇರಬಾರದು. ನಾವು ಊರಿಗೆ ಹೋಗೋ ಹಬ್ಬಗಳೇ ಇದಕ್ಕೆ ಹೇಳಿಮಾಡಿಸಿದ ಹಾಗಿವೆ:

ಶಿವರಾತ್ರಿ. ಅಮಾವಾಸ್ಯೆಯ ಹಿಂದಿನ ಚತುರ್ದಶಿ. ಚಂದ್ರ ಏಳೋದು ಬೆಳಗಾಗೋಕೆ ಸ್ವಲ್ಪ ಮುಂಚೆ, ಅದೂ ತೆಳ್ಳಗಿನ ಗೆರೆ. ಕೇಂದ್ರ ಬೆಳಗಿನ ಜಾವ ಎರಡು-ಮೂರರ ಹೊತ್ತಿಗೆ ಆಗ್ನೇಯದಲ್ಲಿ ಹುಟ್ಟುತ್ತೆ. ಹೇಗೂ ಜಾಗರಣೆ.

ಯುಗಾದಿ. ಹಬ್ಬದ ಹಿಂದಿನ ರಾತ್ರಿ ಅಮಾವಾಸ್ಯೆ. ಕೇಂದ್ರ ಹುಟ್ಟೋದು ಮಧ್ಯರಾತ್ರಿಯ ಆಚೀಚೆ, ನಾಲ್ಕು ಗಂಟೆಗೆ ಚೆನ್ನಾಗಿ ಮೇಲೆ ಬಂದಿರುತ್ತೆ. ವರ್ಷದ ಅತಿ ಒಳ್ಳೇ ರಾತ್ರಿಗಳಲ್ಲಿ ಒಂದು.

ಬಸವ ಜಯಂತಿ. ವೈಶಾಖ ಶುದ್ಧ ತದಿಗೆ. ಚಂದ್ರ ಒಂಬತ್ತು-ಒಂಬತ್ತೂವರೆಗೆ ಮುಳುಗ್ತಾನೆ, ಆಮೇಲೆ ಒಂದೆರಡು ಗಂಟೆಯಲ್ಲಿ ಕೇಂದ್ರ ಹುಟ್ಟುತ್ತೆ. ಸಂಜೆಯ ಮಳೆಮೋಡ ಮಾತ್ರ ಈ ಸಮಯದಲ್ಲಿ ಆಟ ಆಡಿಸುತ್ತೆ. ಮಳೆ ಬಂದು ಹೋದ ರಾತ್ರಿ ಸಿಕ್ರೆ ಧೂಳೂ ಇಳಿದಿರುತ್ತೆ.

ದೀಪಾವಳಿಯೂ ಅಮಾವಾಸ್ಯೆಯೇ, ಆದ್ರೆ ಆಗ ಕೇಂದ್ರ ಸಂಜೆಯಾದ ಸ್ವಲ್ಪ ಹೊತ್ತಿಗೆ ನೈರುತ್ಯದಲ್ಲಿ ಮುಳುಗುತ್ತೆ, ಪಟಾಕಿ ಹೊಗೆ ಬೇರೆ.

ಎಲ್ಲಿ ನಿಲ್ಲಬೇಕು?

ಹುಮನಾಬಾದ್ ಎರಡು ರಾಷ್ಟ್ರೀಯ ಹೆದ್ದಾರಿ ಸೇರೋ ಊರು. ಪುಣೆ-ಹೈದರಾಬಾದ್ ಹೆದ್ದಾರಿ 65, ಬೀದರ್-ಕಲಬುರಗಿ ಕಡೆಯ ಹೆದ್ದಾರಿ 50. ಮೇಲಿಂದ ಕೈಗಾರಿಕಾ ಪ್ರದೇಶ, ಢಾಬಾಗಳ ಫ್ಲಡ್‌ಲೈಟ್, ಚೌಕದ ಹೈಮಾಸ್ಟ್ ದೀಪ. ನಾವು ಚಿಕ್ಕವರಿದ್ದಾಗ ಕರೆಂಟ್ ಹೋದ್ರೆ ಮಾಳಿಗೆ ಮೇಲಿಂದಲೇ ಆಕಾಶಗಂಗೆ ಕಾಣ್ತಿತ್ತು. ಈಗ ಮಾಳಿಗೆಯಿಂದ ಕಾಣಲ್ಲ. ಊರಿಂದ ಎಂಟು-ಹತ್ತು ಕಿಲೋಮೀಟರ್ ಹೊಲದ ಕಡೆ ಹೋದ್ರೆ ಇನ್ನೂ ಕಾಣುತ್ತೆ. ಎಷ್ಟು ವರ್ಷ ಅಂತ ಗೊತ್ತಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರೋ ಲಡಾಖ್‌ನ ಹಾನ್ಲೆಯಲ್ಲಿ ಕತ್ತಲೆ ಆಕಾಶ ಕಾಯೋದಕ್ಕೇ ಒಂದು ಮೀಸಲು ಪ್ರದೇಶ ಮಾಡಿದ್ದಾರೆ. ಅಲ್ಲಿಗೆ ಹೋಗೋಕೆ ಜನ ವಿಮಾನ ಹತ್ತುತ್ತಾರೆ. ನಮ್ಮ ಹೊಲಕ್ಕೆ ಬೈಕ್ ಸಾಕು.

ಸರಳ ನಿಯಮ: ಊರಿನ ಮತ್ತು ಹೆದ್ದಾರಿಯ ದಕ್ಷಿಣಕ್ಕೆ ಹೋಗಿ. ಆಗ ಊರಿನ ಬೆಳಕು ಬೆನ್ನಿಗಿರುತ್ತೆ, ಎದುರಿಗೆ ದಕ್ಷಿಣದ ಕತ್ತಲೆ ಸಿಗುತ್ತೆ. ಕಲಬುರಗಿಯ ಬೆಳಕು ದಿಗಂತದ ಅಂಚಿನಲ್ಲಿ ತೆಳ್ಳಗೆ ಕಾಣಬಹುದು, ಅದು ಮೇಲೆ ಬರಲ್ಲ. ಬಸವಕಲ್ಯಾಣ ಕೋಟೆಯ ಒಳಗೆ ರಾತ್ರಿ ಇರೋ ಯೋಚನೆ ಬೇಡ. ಕೋಟೆ ಬೇಕೇ ಬೇಕು ಅಂದ್ರೆ ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆ ನೀಲಿ ಬೆಳಕಿನಲ್ಲಿ ಹೊರಗಿನಿಂದ ತೆಗೀರಿ. ಹನ್ನೊಂದನೇ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾದ ಊರು ಇದು. ಆ ಕಲ್ಲಿಗೆ ಆ ಹೊತ್ತಿನ ಬೆಳಕೇ ಚೆಂದ.

ಹೊಲ ಯಾರದು ಅಂತ ಕೇಳಿ, ಒಪ್ಪಿಗೆ ತಗೊಂಡು ಹೋಗಿ. ಒಬ್ಬರೇ ಹೋಗಬೇಡಿ. ಹಾವಿನ ಭಯ ಇರೋದರಿಂದ ಬೂಟು, ಟಾರ್ಚು ಕಡ್ಡಾಯ. ಮನೆಯಲ್ಲಿ ಜಾಗ ಹೇಳಿ. ನಾನು ಮೊದಲ ಸಲ ಹೊರಟಾಗ ಅಪ್ಪ, "ಸರ್‌ರಾತ್ರ್ಯಾಗ ಹೊಲದಾಗ ಏನ್ ಫೋಟೋ ತಗೀತಿ? ನಡಿ, ನಾನೂ ಬರ್ತೀನಿ" ಅಂತ ಜೊತೆಗೇ ಬಂದ್ರು. ಕ್ಯಾಮೆರಾ ಪರದೆ ಮೇಲೆ ಮೊದಲ ಚಿತ್ರ ಬಂದಾಗ ಅವರು ಲೆನ್ಸ್ ಬೆಲೆ ಕೇಳಲಿಲ್ಲ. "ನಾವ್ ಸಣ್ಣವ್ರಿದ್ದಾಗ ಬರೀ ಕಣ್ಣಿಗೇ ಹಿಂಗ ಕಾಣ್ತಿತ್ತು" ಅಂದ್ರು.

ಸೆಟ್ಟಿಂಗ್ಸ್ ಮತ್ತು ಪುಕ್ಕಟೆ ಉಪಾಯ

ಮ್ಯಾನುಯಲ್ ಮೋಡ್, ರಾ ಫೈಲ್, ಅಪರ್ಚರ್ ಪೂರ್ತಿ ತೆರೆದು, ಐಎಸ್ಒ 3200, ಸಮಯ 500ರ ನಿಯಮದ ಪ್ರಕಾರ. ಫೋಕಸ್‌ಗೆ ಲೆನ್ಸ್ ಮೇಲಿನ ಅನಂತದ ಗುರುತು ನಂಬಬೇಡಿ. ಲೈವ್ ವ್ಯೂನಲ್ಲಿ ಒಂದು ಹೊಳೆಯೋ ನಕ್ಷತ್ರವನ್ನು ದೊಡ್ಡದು ಮಾಡಿ, ಅದು ಅತಿ ಚಿಕ್ಕ ಚುಕ್ಕೆ ಆಗೋ ತನಕ ರಿಂಗ್ ತಿರುಗಿಸಿ. ವೃಶ್ಚಿಕದ ಕೆಂಪು ಜ್ಯೇಷ್ಠಾ ನಕ್ಷತ್ರ ಇದಕ್ಕೆ ಸರಿಯಾಗುತ್ತೆ. ಫೋಕಸ್ ಆದ ಮೇಲೆ ರಿಂಗ್ ಮೇಲೆ ಒಂದು ಚೂರು ಟೇಪ್ ಅಂಟಿಸಿಬಿಡಿ.

ಹೊಸ ಲೆನ್ಸ್‌ಗೆ ದುಡ್ಡೇ ಇಲ್ಲ ಅಂದ್ರೆ? ಕಿಟ್ ಲೆನ್ಸ್‌ನಲ್ಲೇ ಅಲುಗಾಡಿಸದೆ ಒಂದರ ಹಿಂದೆ ಒಂದು 16 ಫೋಟೋ ತೆಗೀರಿ. ಸೀಕ್ವೇಟರ್ ಅಂತ ವಿಂಡೋಸ್‌ಗೆ ಒಂದು ಉಚಿತ ಸಾಫ್ಟ್‌ವೇರ್ ಇದೆ. ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯುತ್ತೆ. 16 ಚಿತ್ರದ ಸರಾಸರಿಯಲ್ಲಿ ಕಾಳುಕಾಳು ಗದ್ದಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಮ್ಯಾಕ್ ಅಥವಾ ಲಿನಕ್ಸ್ ಇದ್ದೋರಿಗೆ ಸಿರಿಲ್ ಇದೆ, ಅದೂ ಉಚಿತ.

ಆದ್ದರಿಂದ ನನ್ನ ಸಲಹೆಯ ಕ್ರಮ ಹೀಗೆ. ಮೊದಲು ಮುಂದಿನ ಅಮಾವಾಸ್ಯೆಗೆ ಊರಿಗೆ ಹೋಗಿ, ಇರೋ ಲೆನ್ಸ್‌ನಲ್ಲೇ 16 ಫೋಟೋ ತೆಗೆದು ಸೇರಿಸಿ ನೋಡಿ. ಎರಡನೇದು, ಗಟ್ಟಿ ಟ್ರೈಪಾಡ್. ಮೂರನೇದು, ಹೈದರಾಬಾದ್‌ನಲ್ಲೋ ಬೆಂಗಳೂರಿನಲ್ಲೋ ಬೇಕಾದ ಲೆನ್ಸನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಂದು ನೋಡಿ. ಆ ಎರಡು ದಿನದಲ್ಲಿ ಹೊಲಕ್ಕೆ ಹೋಗೋ ಹುಮ್ಮಸ್ಸು ಇನ್ನೂ ಉಳಿದಿದ್ರೆ, ಆಗ ಖರೀದಿ ಮಾಡಿ. ರಾತ್ರಿಯೇ ನಿಮ್ಮ ಆಸೆ ಅಂತಾದ್ರೆ ಎಫ್ 2.8ಕ್ಕಿಂತ ದೊಡ್ಡ ಅಂಕಿಯ ಲೆನ್ಸ್‌ಗೆ ಎಷ್ಟೇ ರಿಯಾಯಿತಿ ಕೊಟ್ರೂ ದುಡ್ಡು ಹಾಕಬೇಡಿ.